ಗಾಡಿ ಎಲ್ಲಿ ನಿಲ್ಲುತ್ತದೆ?

ಹಿಟ್ನಾಳ ಕ್ರಾಸಿನಲ್ಲಿ ಹೊಸ ಗಾಡಿ, ಹಳೇ ಗಾಡಿ ಎಂಬ ಭೇದ ಹೆಚ್ಚು ಹೊತ್ತು ಉಳಿಯುವುದಿಲ್ಲ. ಸೊಲ್ಲಾಪುರದ ಕಡೆಯ ಲಾರಿಗಳು ಕುಷ್ಟಗಿ ದಾಟಿ ಬರುತ್ತವೆ, ಗದಗ-ಕೊಪ್ಪಳದ ಕಡೆಯವು ಇನ್ನೊಂದು ಹೆದ್ದಾರಿ ಹಿಡಿದು ಬರುತ್ತವೆ, ಎರಡೂ ಕೂಡಿ ಹೊಸಪೇಟೆಯತ್ತ ಹೊರಳುತ್ತವೆ. ನಡುವೆ ಹುಲಿಗೆಮ್ಮನ ದರ್ಶನಕ್ಕೆ ಹೊರಟ ಟಂಟಂ, ಇನ್ನೂ ನಂಬರು ಬೀಳದೆ ನಿಂಬೆಹಣ್ಣು ಕಟ್ಟಿಕೊಂಡ ಕಾರು, ಅದರ ಹಿಂದೆಯೇ ಬಾನೆಟ್ಟು ಕಳಚಿಟ್ಟು ಇಂಜಿನ್ನನ್ನು ಗಾಳಿಗೆ ಬಿಟ್ಟ ಟ್ರ್ಯಾಕ್ಟರು. ಇವುಗಳಲ್ಲಿ ಯಾವುದಾದರೊಂದು ಮುದುಕ ಗಾಡಿ ಗ್ಯಾರೇಜಿನ ಮುಂದೆ ನಿಂತಿತೋ, ಪಕ್ಕದ ಚಹಾದಂಗಡಿಯ ಬೆಂಚು ನ್ಯಾಯಪೀಠವಾಗಿಬಿಡುತ್ತದೆ. "ಕೊಟ್ಟ ಬಿಡ್ರಿ ಇದನ್ನ, ಹೊಸಾದ್ ತಗೋರಿ" ಎಂಬುದು ಒಂದು ಪಕ್ಷ. "ಇಂಜಿನ್ ಕಲ್ಲಿದ್ದಂಗ ಐತಿ, ಹತ್ತು ವರ್ಷ ಏನೂ ಆಗಂಗಿಲ್ಲ" ಎಂಬುದು ಇನ್ನೊಂದು. ಎರಡೂ ಪಕ್ಷದವರಿಗೆ ಒಂದು ಸಮಾನ ಗುಣವಿದೆ: ದುಡ್ಡು ಕೊಡುವವರು ಅವರಲ್ಲ. ಹೀಗಾಗಿ ವಾದ ಬಹಳ ಶುದ್ಧವಾಗಿ, ಯಾವ ಸ್ವಾರ್ಥವೂ ಇಲ್ಲದೆ ನಡೆಯುತ್ತದೆ. ಆದರೂ ಎರಡೂ ಕಡೆಯವರು ಕೇಳುವ ಪ್ರಶ್ನೆಯೇ ತಪ್ಪು ಎಂಬುದು ನನ್ನ ತಕರಾರು. ಅವರು ಗಾಡಿಯ ವಯಸ್ಸು ಕೇಳುತ್ತಾರೆ. ಕೇಳಬೇಕಾದದ್ದು, ಅದು ಕೈಕೊಟ್ಟರೆ ಎಲ್ಲಿ ನಿಲ್ಲುತ್ತದೆ, ಅಲ್ಲಿ ನಿಂತರೆ ಎಷ್ಟು ಹೋಗುತ್ತದೆ ಎಂದು. ಇದೊಂದಕ್ಕೆ ಉತ್ತರ ಸಿಕ್ಕರೆ ರಿಪೇರಿಯೋ ಬದಲಿಯೋ ಎಂಬುದು ಮುಕ್ಕಾಲು ಪಾಲು ತಾನೇ ಇತ್ಯರ್ಥವಾಗುತ್ತದೆ.

ಮೊದಲು ದುಡ್ಡಿನ ಮಾತು ಮುಗಿಸೋಣ, ಏಕೆಂದರೆ ಎಲ್ಲರೂ ತಾವು ದುಡ್ಡಿನ ಲೆಕ್ಕವನ್ನೇ ಹಾಕುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಹಳೇ ಗಾಡಿಯ ಮಾಲೀಕ ಮೊಟ್ಟಮೊದಲು ಹೇಳುವುದು "ಹ್ವಾದ ವರ್ಷ ಇದಕ್ಕ ಇಪ್ಪತ್ತು ಸಾವಿರ ಸುರಿದೀನ್ರಿ" ಎಂದು. ಅಷ್ಟು ಸುರಿದ ಮೇಲೆ ಬಿಡುವುದು ಹೇಗೆ ಎಂದು ಒಬ್ಬ ಇದರಿಂದ ಅರ್ಥ ತೆಗೆಯುತ್ತಾನೆ, ಅಷ್ಟು ಸುರಿದದ್ದು ಸಾಕು ಎಂದು ಇನ್ನೊಬ್ಬ. ವಾದಿಗೂ ಪ್ರತಿವಾದಿಗೂ ಒಟ್ಟಿಗೆ ಸಾಕ್ಷಿ ನುಡಿಯುವವನನ್ನು ಯಾವ ಕೋರ್ಟೂ ನಂಬಬಾರದು. ಹೋದ ವರ್ಷದ ಇಪ್ಪತ್ತು ಸಾವಿರವನ್ನು ಕಟಕಟೆಯಿಂದ ಇಳಿಸಿ ಕಳಿಸುವುದೇ ಸರಿ. ಲೆಕ್ಕಕ್ಕೆ ಬರುವುದು ಬರುವ ವರ್ಷದ ಖರ್ಚು ಮಾತ್ರ. ಆ ಖರ್ಚನ್ನು ಹೊಸ ಗಾಡಿಯ ಖರ್ಚಿನ ಎದುರು ಇಟ್ಟು ನೋಡುವಾಗ ನಮ್ಮ ಕಣ್ಣು ಮೋಸ ಮಾಡುತ್ತದೆ. ಮೇಸ್ತ್ರಿಯ ಬಿಲ್ಲು ಎಣ್ಣೆ ಮೆತ್ತಿದ ಚೀಟಿಯಲ್ಲಿ, ಒಂದೇ ಸಲ, ಎದುರಿಗೇ ಬರುತ್ತದೆ. ಅದಕ್ಕೆ ಹೊಟ್ಟೆ ಉರಿಯುತ್ತದೆ. ಹೊಸ ಗಾಡಿಯ ಸವಕಳಿಗೆ ಚೀಟಿಯೂ ಇಲ್ಲ, ಎಣ್ಣೆಯೂ ಇಲ್ಲ. ವಿಮೆಯವರ ಕೋಷ್ಟಕ ತೆಗೆದು ನೋಡಿ: ಆರು ತಿಂಗಳೊಳಗೆ ಶೇ 5, ಒಂದು ವರ್ಷಕ್ಕೆ ಶೇ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದು ವರ್ಷಕ್ಕೆ ಶೇ 50. ತೊಂಬತ್ತು ಸಾವಿರದ ಬೈಕು ಎರಡು ವರ್ಷದಲ್ಲಿ ಯಾರೂ ಸ್ಪ್ಯಾನರ್ ಮುಟ್ಟದೆಯೇ ಹದಿನೆಂಟು ಸಾವಿರ ಕಳೆದುಕೊಂಡಿರುತ್ತದೆ. ಮೇಲೆ ಫೈನಾನ್ಸಿನವರ ಬಡ್ಡಿ ಬೇರೆ. ಇನ್ನೊಂದು ಸ್ವಾರಸ್ಯವೆಂದರೆ ಐದು ವರ್ಷ ದಾಟಿದ ಮೇಲೆ ಈ ಕೋಷ್ಟಕವೇ ಮುಗಿದುಹೋಗುತ್ತದೆ. ಮುಂದಿನ ಬೆಲೆಯನ್ನು ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಗೊತ್ತು ಮಾಡಬೇಕು. ಅಂದರೆ ಹಳೇ ಗಾಡಿಯ ಬೆಲೆಯ ವಿಷಯದಲ್ಲಿ ವಿಮಾಶಾಸ್ತ್ರವೂ ಕೊನೆಗೆ ಬೆಂಚಿನವರ ಪದ್ಧತಿಗೇ ಬಂದು ಕೂರುತ್ತದೆ.

ವಯಸ್ಸಿನ ಮೇಲೆ ಭರವಸೆ ಇಡಬಾರದು ಎನ್ನಲು ಇನ್ನೊಂದು ಕಾರಣ ಬಿಡಿಭಾಗ. 1994ರಲ್ಲಿ ಮಾರುಕಟ್ಟೆಗೆ ಬಂದ ಸ್ಪ್ಲೆಂಡರ್‌ನ ಪಿಸ್ಟನ್ನು, ರಿಂಗು, ಚೈನು, ಕ್ಲಚ್ ಪ್ಲೇಟು ತಾಲ್ಲೂಕಿನ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಸಿಲಿಂಡರು ಸವೆದು ಗಾಡಿ ನೀಲಿ ಹೊಗೆ ಉಗುಳತೊಡಗಿದರೆ ಬೋರ್ ಹೊಡೆಸಿ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕುತ್ತಾರೆ. ಮುಂದಿನ ಸಲ ಅರ್ಧ, ಅದರ ಮುಂದಿನ ಸಲ ಮುಕ್ಕಾಲು. ಇಂಜಿನ್ನಿಗೆ ಹೀಗೆ ಮೂರ್ನಾಲ್ಕು ಜನ್ಮ ಕಾರ್ಖಾನೆಯವರೇ ಬರೆದುಕೊಟ್ಟಿರುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದರ ಯೆಜ್ಡಿಗಳು ಇಂದೂ ಡುಗುಡುಗು ಎನ್ನುತ್ತ ಓಡಾಡುತ್ತಿವೆ. ಹೆತ್ತ ಕಾರ್ಖಾನೆ ಸತ್ತರೂ ಮೇಸ್ತ್ರಿಗಳು ಬದುಕಿದ್ದರೆ ಗಾಡಿ ಬದುಕುತ್ತದೆ. ಅದೇ ನಿನ್ನೆ ಮೊನ್ನೆಯ ಗಾಡಿಯ ಸೆನ್ಸರೊಂದು ಮುನಿಸಿಕೊಂಡರೆ ಕ್ರಾಸಿನ ಮೇಸ್ತ್ರಿ ಕೈ ಒರೆಸಿಕೊಂಡು ದೂರ ಸರಿಯುತ್ತಾನೆ. ಲ್ಯಾಪ್‌ಟಾಪ್ ಇರುವ ಶೋರೂಮಿನತನಕ ಗಾಡಿಯನ್ನು ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡು ಹೋಗಬೇಕು. ಇನ್ನು ಹಿಟ್ನಾಳಕ್ಕೆ ಈ ವಿಷಯದಲ್ಲಿ ತನ್ನದೇ ಒಂದು ಹೆಮ್ಮೆ ಉಂಟು. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯ ವಿಳಾಸ ಬರೆಯುವಾಗ ಅಂಚೆ ಹಿಟ್ನಾಳ ಎಂದೇ ಬರೆಯಬೇಕು. ಅಲ್ಲಿ ಟ್ರ್ಯಾಕ್ಟರು ಮತ್ತು ಡೀಸೆಲ್ ಇಂಜಿನ್ನುಗಳ ಸಿಲಿಂಡರ್ ಬ್ಲಾಕು, ಹೆಡ್ಡುಗಳು ಎರಕಗೊಳ್ಳುತ್ತವೆ. ಹಾಗಾಗಿ ಗಂಗಾವತಿಯ ಗದ್ದೆಯಲ್ಲಿ ಕೆಮ್ಮುತ್ತಿರುವ ಯಾವುದೋ ಟ್ರ್ಯಾಕ್ಟರು ದೇಶವೆಲ್ಲ ಸುತ್ತಿ ಬಾಣಂತನಕ್ಕೆ ತವರಿಗೆ ಬಂದ ಮಗಳೇ ಆಗಿದ್ದರೂ ಆಗಿರಬಹುದು. ಅದನ್ನು ಗುಜರಿಗೆ ಹಾಕಿ ಎನ್ನಲು ಬೆಂಚಿನವರಿಗೆ ನಾಲಿಗೆಯಾದರೂ ಹೇಗೆ ಬರುತ್ತದೆ?

ಇಷ್ಟು ಕೇಳಿದವರು ನನ್ನನ್ನು ರಿಪೇರಿ ಪಕ್ಷಕ್ಕೆ ಸೇರಿಸಿಬಿಟ್ಟಿರುತ್ತಾರೆ. ಸ್ವಲ್ಪ ತಡೆಯಬೇಕು. ಮನೆಯಿಂದ ಹೊಲಕ್ಕೆ, ಹೊಲದಿಂದ ಸೊಸೈಟಿಗೆ ಓಡಾಡುವ ಬೈಕು ಹಾದಿಯಲ್ಲಿ ನಿಂತರೆ ಏನು ಹೋಗುತ್ತದೆ? ಒಂದು ಗಂಟೆ, ಒಂದಿಷ್ಟು ಬೆವರು, ದಾರಿಹೋಕರ ಎರಡು ಪುಕ್ಕಟೆ ಸಲಹೆ. ಅದನ್ನು ಇಪ್ಪತ್ತು ವರ್ಷವಲ್ಲ, ಮೂವತ್ತು ವರ್ಷ ರಿಪೇರಿ ಮಾಡಿಸಿದರೂ ತಪ್ಪಿಲ್ಲ. ಆದರೆ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟ ವಾರ ಕೇಜ್‌ವ್ಹೀಲ್ ಹಾಕಿಕೊಂಡು ಗದ್ದೆಗಿಳಿದ ಟ್ರ್ಯಾಕ್ಟರು ನಡುಗೆಸರಿನಲ್ಲಿ ಕ್ಲಚ್ ಸುಟ್ಟುಕೊಂಡು ಕೂತರೆ ಹೋಗುವುದು ಕ್ಲಚ್ಚಲ್ಲ, ನಾಟಿಯ ಸರದಿ. ಸಸಿ ಕಾಯುವುದಿಲ್ಲ, ನಾಟಿಗೆ ಬಂದ ಆಳುಗಳೂ ಕಾಯುವುದಿಲ್ಲ. ಆಯಿಲ್ ಸೀಲು ದಾಟಿ ಒಳಗೆ ಹೊಕ್ಕ ಕೆಸರು ಬೇರಿಂಗನ್ನು ತಿನ್ನುವುದು ಗಂಗಾವತಿ ಕಡೆಯ ಸಾವು. ಯಲಬುರ್ಗಾ-ಕುಷ್ಟಗಿಯ ಒಣ ಎರೆಯಲ್ಲಿ ಅದೇ ಕಂಪನಿಯ, ಅದೇ ವರ್ಷದ ಟ್ರ್ಯಾಕ್ಟರು ಧೂಳು ಕುಡಿದು ಏರ್ ಫಿಲ್ಟರಿನ ದಾರಿಯಿಂದ ಸಾಯುತ್ತದೆ. ಹುಟ್ಟಿದ ತಾರೀಕು ಒಂದೇ, ಜಾತಕ ಬೇರೆ. ಒಣಬೇಸಾಯದವನಿಗೆ ಎರಡು ದಿನ ತಡವಾದರೂ ನಡೆಯುವ ಕೆಲಸ ಇದ್ದೀತು, ಆದರೆ ಬಿತ್ತನೆಯ ಹದ ಇದ್ದಾಗ ಅವನಿಗೂ ತಡೆಯಲಾಗದು. ಅಕ್ಕಿ ಹೇರಿಕೊಂಡು ಹೆದ್ದಾರಿಗೆ ಬಿದ್ದ ಲಾರಿಯ ಮಾತಂತೂ ಬೇಡವೇ ಬೇಡ. ಅದು ಎಲ್ಲಿ ನಿಲ್ಲುತ್ತದೆ ಎನ್ನುವುದಕ್ಕಿಂತ ನಿಲ್ಲಬೇಕಾದಲ್ಲಿ ನಿಲ್ಲುತ್ತದೆಯೇ ಎಂಬುದು ಅಲ್ಲಿ ದೊಡ್ಡ ಪ್ರಶ್ನೆ.

ವಯಸ್ಸಿಗಿಂತ ನಿಲ್ಲುವ ಜಾಗ ದೊಡ್ಡದು ಎಂಬುದಕ್ಕೆ ಪುಸ್ತಕದ ಸಾಕ್ಷಿ ಬೇಕಾಗಿಲ್ಲ, ಪಕ್ಕದ ಮುನಿರಾಬಾದಿನಲ್ಲೇ ಇದೆ. ಅಣೆಕಟ್ಟು ಗಾಡಿಯಲ್ಲ, ಒಪ್ಪಿದೆ. ಆದರೆ ಚೈನು, ಗ್ರೀಸು, ಗೇಟು ಎಲ್ಲ ಇರುವ ಯಂತ್ರವಂತೂ ಹೌದು, ಹಾಗೂ ಸುತ್ತಲಿನ ಯಾವ ಗಾಡಿಗಿಂತಲೂ ಹಿರಿಯದು. 1953ರಲ್ಲಿ ನೀರು ತುಂಬಿಸಿಕೊಂಡ ತುಂಗಭದ್ರೆಗೆ 33 ಕ್ರೆಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ಅದಕ್ಕಿಂತ ಕೆಟ್ಟ ಜಾಗದಲ್ಲಿ, ಅದಕ್ಕಿಂತ ಕೆಟ್ಟ ಹೊತ್ತಿನಲ್ಲಿ ಯಾವ ಗಾಡಿಯೂ ಕೈಕೊಟ್ಟಿರಲಾರದು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ಸ್ಟಾಪ್‌ಲಾಗ್ ತುಂಡುಗಳನ್ನು ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ರಿಪೇರಿ ಪಕ್ಷದವರು ಆ ವಾರ ಮೀಸೆ ತಿರುವಿದ್ದು ನ್ಯಾಯವೇ. ಆದರೆ ತಜ್ಞರು ಮುಂದೆ ಹೇಳಿದ್ದು 33 ಗೇಟುಗಳನ್ನೂ ಬದಲಿಸಿ ಎಂದು. 2025ರ ಮಳೆಗಾಲದಲ್ಲಿ ಸುರಕ್ಷತೆಗೆಂದು 80 ಟಿಎಂಸಿಗೇ ನೀರು ನಿಲ್ಲಿಸಬೇಕಾಯಿತು. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದಾಯಿತು. ಬದಲಿಸಲೂ ಖರ್ಚು, ಬದಲಿಸುವಷ್ಟು ದಿನ ನಿಲ್ಲಿಸಲೂ ಖರ್ಚು. ಇಲ್ಲಿ ಗಮನಿಸಬೇಕಾದದ್ದು, ಗೇಟು ಹಳೆಯದಾಯಿತೆಂದು ಸುರ್ಕಿ-ಸುಣ್ಣದ ಗೋಡೆಯನ್ನು ಒಡೆದು ಹೊಸದು ಕಟ್ಟಿ ಎಂದು ಯಾರೂ ಹೇಳಲಿಲ್ಲ. ಗೋಡೆಗೂ ಗೇಟಿಗೂ ವಯಸ್ಸು ಒಂದೇ, ತೀರ್ಪು ಬೇರೆ ಬೇರೆ. ಹೂಳಿನ ವಿಷಯದಲ್ಲಿ ಮೂರನೆಯದೇ ತೀರ್ಪು: 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಇಳಿದಿದೆ, ಅಷ್ಟು ಹೂಳು ಎತ್ತುವುದು ಆಗದ ಕೆಲಸವೆಂದು ನವಲಿಯಲ್ಲಿ ಇನ್ನೊಂದು ಜಲಾಶಯದ ಯೋಜನೆ ಹಾಕಿಕೊಂಡಿದ್ದಾರೆ. ಹಳೇ ಗಾಡಿ ಇಟ್ಟುಕೊಂಡೇ ಎರಡನೆಯದು ಕೊಳ್ಳುವ ಆಲೋಚನೆ ಶ್ರೀಮಂತರಿಗೆ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ. ಗಾಡಿಯನ್ನೂ ಹೀಗೆಯೇ ತುಂಡು ತುಂಡಾಗಿ ವಿಚಾರಿಸಬೇಕು. ಹಾರ್ನು ಕೆಟ್ಟ ಮೇಲೆ ಬದಲಿಸಿ, ಬ್ರೇಕನ್ನು ಕೆಡುವ ಮೊದಲೇ ಬದಲಿಸಿ, ಚಾಸಿ ತುಕ್ಕು ಹಿಡಿದು ಸೀಳಿದರೆ ಕೈಮುಗಿದು ಕಳಿಸಿಕೊಡಿ.

"ನೀವೇನೇ ಹೇಳ್ರಿ, ಸರ್ಕಾರ ಬಿಡಂಗಿಲ್ಲ" ಎನ್ನುವವರಿದ್ದಾರೆ. ಸರ್ಕಾರ ವಯಸ್ಸು ನೋಡುತ್ತದೆ ಎಂಬುದು ನಿಜ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಅದರ ಶುಲ್ಕ 2022ರ ಏಪ್ರಿಲ್‌ನಿಂದ ಬೈಕಿಗೆ 300ರಿಂದ 1,000 ರೂಪಾಯಿಗೆ, ಕಾರಿಗೆ 600ರಿಂದ 5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ಅದು ಮತ್ತೆ ಇಮ್ಮಡಿಯಾಯಿತು. ಆದರೆ ಇದನ್ನು ಐದು ವರ್ಷಕ್ಕೆ ಹಂಚಿದರೆ ಬೈಕಿನ ಲೆಕ್ಕ ತಿಂಗಳಿಗೆ ಮೂರು ಚಹಾದ ದುಡ್ಡಿನ ಆಚೆ ಹೋಗುವುದಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಣ್ಣ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ, ಟ್ರ್ಯಾಕ್ಟರಿನದು 12ರಿಂದ 5ಕ್ಕೆ ಇಳಿದಾಗ ಬೆಂಚಿನ ಬದಲಿ ಪಕ್ಷಕ್ಕೆ ಹಬ್ಬವಾಯಿತು. ಟ್ರ್ಯಾಕ್ಟರಿನ ಟೈರು, ಬಿಡಿಭಾಗಗಳ ತೆರಿಗೆಯೂ 18ರಿಂದ 5ಕ್ಕೆ ಇಳಿದದ್ದನ್ನು ಮಾತ್ರ ಅವರು ಓದಲಿಲ್ಲ. ಇನ್ನು ಸರ್ಕಾರದ ಮನಸ್ಸೂ ಒಂದೇ ಇಲ್ಲ: ಸರ್ಕಾರಿ ಕಚೇರಿಯ ಜೀಪಿಗೆ 15 ವರ್ಷಕ್ಕೆ ನೋಂದಣಿ ರದ್ದು ಎಂಬ ನಿಯಮ 2023ರಿಂದ ಜಾರಿಯಲ್ಲಿದ್ದರೆ, ಅತ್ತ ಕೆಎಸ್‌ಆರ್‌ಟಿಸಿ ತನ್ನ ವರ್ಕ್‌ಶಾಪುಗಳಲ್ಲಿ ಸಾವಿರಕ್ಕೂ ಹೆಚ್ಚು ಹಳೇ ಬಸ್ಸುಗಳಿಗೆ ಮೈಕಟ್ಟು ಹೊಸದಾಗಿ ಕಟ್ಟಿ ರಸ್ತೆಗೆ ಬಿಟ್ಟಿದೆ. ಹತ್ತು ಲಕ್ಷ ಕಿಲೋಮೀಟರಿನ ಆಚೀಚೆ ಓಡಿದ ಬಸ್ಸಿನ ಬಗ್ಗೆ ಲೆಕ್ಕ ಗೊತ್ತಿರುವ ಸಂಸ್ಥೆ ಹೀಗೆ ತೀರ್ಮಾನಿಸಿದರೆ, ಅದನ್ನು ಜಿಪುಣತನ ಎಂದು ತಳ್ಳಿಹಾಕಲು ಬರುವುದಿಲ್ಲ.

ಹೊಗೆಯ ಆಕ್ಷೇಪ ಇದಕ್ಕಿಂತ ಗಟ್ಟಿ. 2020ರ ನಂತರದ ಬಿಎಸ್-6 ಗಾಡಿಯ ಶ್ವಾಸವನ್ನು ಹಳೇ ಡೀಸೆಲ್ ಲಾರಿಗೆ ಯಾವ ಮೇಸ್ತ್ರಿಯೂ ತಂದುಕೊಡಲಾರ. ದಿನಕ್ಕೆ ಮುನ್ನೂರು ಕಿಲೋಮೀಟರು ಓಡುವ ಅಂಥ ಲಾರಿ ಹೋಗಲಿ, ನನ್ನ ತಕರಾರಿಲ್ಲ. ದಿನಕ್ಕೆ ಐದು ಕಿಲೋಮೀಟರು ಓಡುವ ಬೈಕಿಗೂ ಅದೇ ಶಿಕ್ಷೆ ಬೇಡ. ರಿಂಗು ಬದಲಿಸಿದರೆ ಅದರ ಹೊಗೆ ಬಹುಪಾಲು ನಿಲ್ಲುತ್ತದೆ, ಅದರ ಬದಲಿಗೆ ಹೊಸ ಬೈಕು ಮಾಡಲು ಎಲ್ಲೋ ಒಂದು ಕುಲುಮೆಯೂ ಹೊಗೆ ಬಿಡಲೇಬೇಕು. ಸುರಕ್ಷತೆಯಲ್ಲಿ ಮಾತ್ರ ನಾನು ಪೂರ್ತಿ ಸೋಲುತ್ತೇನೆ. 2019ರಿಂದ ಹೊಸ ಬೈಕುಗಳಿಗೆ ಎಬಿಎಸ್ಸೋ ಎರಡೂ ಗಾಲಿಯ ಕೂಡುಬ್ರೇಕೋ ಕಡ್ಡಾಯವಾಗಿದೆ. ಹಳೇ ಬೈಕಿಗೆ ಬ್ರೇಕ್ ಶೂ ಹೊಸದು ಹಾಕಬಹುದು, ಆ ಬುದ್ಧಿ ಹಾಕಲಾಗದು. ಊರ ಹಾದಿ ಬಿಟ್ಟು ಹೆದ್ದಾರಿಯಲ್ಲಿ ದಿನವೂ ಹೊಸಪೇಟೆಗೆ ಓಡುವ ಹುಡುಗನಿಗೆ ಅವನ ಅಪ್ಪನ ಬೈಕನ್ನು ಬೋರ್ ಹೊಡೆಸಿ ಕೊಡುವುದು ಉಳಿತಾಯವಲ್ಲ.

ಉಳಿದದ್ದು ಮರ್ಯಾದೆಯ ಆಕ್ಷೇಪ. ಬೀಗರ ಮನೆಗೆ ಇದರ ಮೇಲೆ ಹೋಗುವುದು ಹೇಗೆ ಎಂದು ಮನೆಯವರು ಕೇಳಿದರೆ ಕೋಷ್ಟಕ, ಜಿಎಸ್‌ಟಿ, ಸ್ಟಾಪ್‌ಲಾಗ್ ಯಾವುದೂ ನೆರವಿಗೆ ಬರುವುದಿಲ್ಲ. ನಿಂತಲ್ಲಿ ಎಷ್ಟು ಹೋಗುತ್ತದೆ ಎಂಬ ನನ್ನ ಅಳತೆಯಿಂದಲೇ ನೋಡಿದರೂ ಬೀಗರ ಅಂಗಳಕ್ಕಿಂತ ದುಬಾರಿ ಜಾಗ ಇನ್ನೊಂದಿಲ್ಲ. ಜನ ಇದಕ್ಕೂ ಒಂದು ನಡುದಾರಿ ಕಂಡುಕೊಂಡಿದ್ದಾರೆ: ಟಾಕಿಗೆ ಹೊಸ ಬಣ್ಣ, ಸೀಟಿಗೆ ಹೊಸ ಕವರು, ಮುಂದೆ ಗವಿಸಿದ್ಧೇಶ್ವರ ಪ್ರಸನ್ನ, ಹಿಂದೆ ತಾಯಿಯ ಆಶೀರ್ವಾದ. ಗುಟ್ಟು ರಟ್ಟು ಮಾಡುವುದು ನಂಬರ್ ಪ್ಲೇಟು. ಕೊಪ್ಪಳ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. ಇಲ್ಲಿನ ನಂಬರು ಕೆಎ 37. ಜಿಲ್ಲೆಯಾಗುವ ಮುಂಚೆ ರಾಯಚೂರಿನಲ್ಲಿ ನೋಂದಣಿಯಾದ ಗಾಡಿ ಅಲ್ಲಿನ ಕೆಎ 36 ಹೊತ್ತುಕೊಂಡು ತಾನು ಜಿಲ್ಲೆಗಿಂತ ಹಿರಿಯ ಎಂದು ಬೀದಿಯಲ್ಲೆಲ್ಲ ಸಾರುತ್ತ ಹೋಗುತ್ತದೆ. ಬೀಗರು ಅದನ್ನು ಓದಿ ಹುಬ್ಬೇರಿಸಿದರೆ, "ರಾಯಚೂರಾಗ ರೇಟ್ ಕಮ್ಮಿ ಇತ್ರಿ, ಅದಕ್ಕ ಅಲ್ಲೇ ತಗೊಂಡಿದ್ದು" ಎಂದು ಹೇಳಿ, ಅವರು ಚಾವಿ ಕೇಳುವ ಮೊದಲು ಒಳಗೆ ಊಟಕ್ಕೆ ಕೂತುಬಿಡಬೇಕು.