ಬಾಲವಾಣಿಜ್ಯ ಮೀಮಾಂಸೆ

ಏಪ್ರಿಲ್‌ನಲ್ಲಿ ಶಾಲೆಗಳು ಬಾಗಿಲು ಹಾಕಿದ್ದೇ ತಡ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನ ಬಳಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಉದ್ಭವಿಸುವ ನಿಂಬೆ ಶರಬತ್ತಿನ ಅಂಗಡಿಯ ಬಗ್ಗೆ ಈವರೆಗೆ ಒಂದು ಶಾಸ್ತ್ರಗ್ರಂಥವೂ ಹುಟ್ಟದಿರುವುದು ನಮ್ಮ ವಿದ್ವತ್ತಿಗೆ ಶೋಭೆಯಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ 15 ಅಧಿಕರಣಗಳನ್ನು ತಿರುವಿ ಹಾಕಿದರೆ ಹೆಂಡಕ್ಕೊಬ್ಬ ಸುರಾಧ್ಯಕ್ಷ ಸಿಗುತ್ತಾನೆ, ಶರಬತ್ತಿಗೆ ಗತಿಯಿಲ್ಲ. ಆ ಕೊರತೆ ನೀಗಲೆಂದೇ ಈ ಪ್ರಬಂಧ. ಬೇಸಿಗೆ ಅಂಗಡಿಯಿಂದ ಮಕ್ಕಳು ವ್ಯಾಪಾರ ಕಲಿಯುತ್ತಾರೆ ಎಂಬ ಲೋಕರೂಢಿಯನ್ನು ನಾವು ಒಪ್ಪುತ್ತೇವೆ. ಆದರೆ ಅವರು ಕಲಿಯುವುದು ಬೀದಿ ಮೂಲೆಯ ದಿನಸಿ ಅಂಗಡಿಯ ವ್ಯಾಪಾರವನ್ನಲ್ಲ. ಖರ್ಚು ಬೇರೆಯವರದು, ಲಾಭ ನಮ್ಮದು ಎನ್ನುವ ದೊಡ್ಡವರ ವ್ಯಾಪಾರವನ್ನು. ಇದೇ ನಮ್ಮ ಪ್ರತಿಜ್ಞೆ.

ಇದಕ್ಕೆ ಪ್ರಮಾಣವೇನು? ಒಂದು ದಿನದ ಮಾದರಿ ಲೆಕ್ಕವನ್ನೇ ನೋಡೋಣ. ನಿಂಬೆಹಣ್ಣು 10, ತಲಾ 8 ರೂಪಾಯಿಯಂತೆ 80, ಅರ್ಧ ಕೆ.ಜಿ. ಸಕ್ಕರೆ 25, ಏಲಕ್ಕಿ, ಉಪ್ಪು ಸೇರಿ 10, ಪೇಪರ್ ಲೋಟ 30, ಒಟ್ಟು 145 ರೂಪಾಯಿ. ತಯಾರಾದದ್ದು 20 ಲೋಟ. ಅದರಲ್ಲಿ ಆರನ್ನು ರುಚಿ ನೋಡುವ ನೆಪದಲ್ಲಿ ಪಾಲುದಾರರೇ ಕುಡಿದರು, ಮೂರು ಉದ್ರಿ ಹೋದವು, ಉಳಿದ ಹನ್ನೊಂದು ತಲಾ 10 ರೂಪಾಯಿಗೆ ಮಾರಾಟವಾದವು. ಸಂಜೆ ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ದಾಖಲಾಗುವುದು ‘ಲಾಭ: 110’. ನಿಂಬೆಹಣ್ಣು ಫ್ರಿಜ್ಜಿನಲ್ಲಿ ಬೆಳೆಯುತ್ತದೆ, ಸಕ್ಕರೆ ಡಬ್ಬಿಯಲ್ಲಿ ಊರುತ್ತದೆ ಎಂಬ ದೃಢವಾದ ನಂಬಿಕೆ ಇದರ ತಳಹದಿ. ಇನ್ನು ಗಿರಾಕಿಗಳೆಂದರೆ ಅಜ್ಜಿ, ಎರಡನೇ ಮಹಡಿಯ ಅಂಕಲ್ಲು, ವಾಕಿಂಗಿಗೆ ಹೊರಟು ಸಿಕ್ಕಿಬಿದ್ದ ಆಂಟಿ. ಬೇಡಿಕೆ, ಪೂರೈಕೆಗಳ ಸೂತ್ರ ಇಲ್ಲಿ ನಡೆಯದು, ನಡೆಯುವುದು ದಾಕ್ಷಿಣ್ಯವೊಂದೇ. ಹೂಕೋಸಿಗೆ ಎರಡು ರೂಪಾಯಿ ಬಿಡಿಸಿಕೊಳ್ಳಲು ಕಾಲು ಗಂಟೆ ನಿಲ್ಲುವವರೂ ಇಲ್ಲಿ ಚಿಲ್ಲರೆ ಕೇಳುವುದಿಲ್ಲ. ರಾಮನವಮಿಯಂದು ಬೀದಿ ಬೀದಿಯಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿಯನ್ನು ಪುಕ್ಕಟೆ ಹಂಚುವಾಗಲೂ ಈ ಅಂಗಡಿಯ ದರ ಒಂದು ಪೈಸೆ ಇಳಿಯದಿರುವುದಕ್ಕೆ ಇದೇ ಕಾರಣ.

ಪೂರ್ವಪಕ್ಷದವರು ಇಲ್ಲಿ ಎದ್ದು ನಿಲ್ಲುತ್ತಾರೆ. ದುಡ್ಡು ಹೋಗಲಿ, ಕೌಶಲ ಬರುವುದಿಲ್ಲವೇ, ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿರುವ 10 ಜೀವನ ಕೌಶಲಗಳಲ್ಲಿ ನಿರ್ಧಾರ ಕೈಗೊಳ್ಳುವುದು, ಪರಾನುಭೂತಿ, ಒತ್ತಡ ನಿಭಾಯಿಸುವುದು ಎಲ್ಲವೂ ಇವೆಯಲ್ಲ ಎನ್ನುತ್ತಾರೆ. ಇವೆ. ಆದರೆ ಆ ಸಂಸ್ಥೆ 10ಕ್ಕೇ ನಿಂತಿತು. ಸರ್ಕಾರಿ ಹಣ ನುಂಗುವ ಬಗೆಗಳನ್ನು ಎಣಿಸಹೊರಟ ಕೌಟಿಲ್ಯ 40ರವರೆಗೆ ಹೋದ. ಪಾಲುದಾರರು ಕುಡಿದ ಆರು ಲೋಟಗಳು ಯಾವ ಪಟ್ಟಿಗೆ ಸೇರಬೇಕೆಂಬುದನ್ನು ವಿದ್ವಾಂಸರ ವಿವೇಚನೆಗೆ ಬಿಡುತ್ತೇವೆ.

ಎರಡನೆಯ ಆಕ್ಷೇಪ ಕಾನೂನಿನದು. 1986ರ ಬಾಲಕಾರ್ಮಿಕ ಕಾಯ್ದೆ, 2016ರ ತಿದ್ದುಪಡಿಯ ಬಳಿಕ, 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎನ್ನುತ್ತದೆ. ಅಪಾಯವಿಲ್ಲದ ಮನೆಕಸುಬಿಗೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಲು ವಿನಾಯಿತಿ ಕೊಡುತ್ತದೆ. ಶರಬತ್ತಿನ ಅಂಗಡಿಗೆ ಆ ವಿನಾಯಿತಿಯ ಅಗತ್ಯವೇ ಬೀಳದು. ನಿಂಬೆಹಣ್ಣು ಹಿಂಡುವವಳು ಅಮ್ಮ, ಬೋರ್ಡು ಕಟ್ಟುವವನು ಅಪ್ಪ, ಚೆಲ್ಲಿದ್ದನ್ನು ಒರೆಸುವವಳು ಮತ್ತೆ ಅಮ್ಮ. ಮಕ್ಕಳು ಆಡಳಿತ ಮಂಡಳಿ. ಬೇಕಾಗಿರುವುದು ಪೋಷಕ ಕಾರ್ಮಿಕರ ರಕ್ಷಣೆಗೊಂದು ಕಾಯ್ದೆ. ಅತ್ತ ಕೆ.ಆರ್. ಮಾರ್ಕೆಟ್ಟಿನಲ್ಲಿ ರಜೆಯಲ್ಲಿ ಅಮ್ಮನ ಪಕ್ಕ ಕೂತು ಮೊಳ ಅಳೆದು ಮಲ್ಲಿಗೆ ಕೊಡುವ ಹುಡುಗಿಯ ಫೋಟೋ ‘ನಮ್ಮ ಪುಟ್ಟ ಉದ್ಯಮಿ’ ಎಂದು ಯಾರ ಸ್ಟೇಟಸ್ಸಿನಲ್ಲೂ ಕಾಣುವುದಿಲ್ಲ. ಬೆಳಿಗ್ಗೆ ಹೂವು ಎಷ್ಟಕ್ಕೆ ಬಂತು, ಸಂಜೆ ಬಾಡಿದರೆ ಎಷ್ಟು ಹೋಯಿತು ಎಂಬುದು ಅವಳ ನಾಲಗೆಯ ತುದಿಯಲ್ಲಿರುತ್ತದೆ. ಖರ್ಚು ಗೊತ್ತಿದ್ದರೆ ಅದು ಬಡತನ, ಗೊತ್ತಿಲ್ಲದಿದ್ದರೆ ಉದ್ಯಮಶೀಲತೆ ಎಂಬ ಸೂಕ್ಷ್ಮವನ್ನು ಲೋಕ ಬಹಳ ಹಿಂದೆಯೇ ಕಂಡುಕೊಂಡಿದೆ.

ಹಾಗಿದ್ದರೆ ಅಮ್ಮ 145 ರೂಪಾಯಿಯ ಬಿಲ್ಲು ಕೊಟ್ಟುಬಿಡಲಿ, ಮಕ್ಕಳು ನಿಜವಾದ ವ್ಯಾಪಾರ ಕಲಿಯಲಿ ಎಂಬುದು ಕೊನೆಯ ಆಕ್ಷೇಪ. ತರ್ಕಕ್ಕೆ ಸರಿ, ವ್ಯವಹಾರಕ್ಕೆ ಅಲ್ಲ. ಬಿಲ್ಲು ಕೈಗೆ ಬಂದ ಮರುದಿನವೇ ಅಂಗಡಿ ಮುಚ್ಚುತ್ತದೆ. ಆಡಳಿತ ಮಂಡಳಿ ಸೋಫಾದ ಮೇಲೆ ಬಿದ್ದುಕೊಂಡು ‘ಅಮ್ಮಾ, ಬೋರಾಗ್ತಿದೆ’ ಎಂದು ರಾಗ ಎಳೆಯುತ್ತದೆ. ಇನ್ನೊಂದು ಅಂಶವನ್ನು ಹಿಂದಿನ ಲೆಕ್ಕ ಗಮನಿಸಿರಲಿಲ್ಲ. ಸ್ಟೂಲಿಗೆ ಅಂಟಿಸಿದ ಕ್ಯೂಆರ್ ಕೋಡು ಅಮ್ಮನದು. ಸ್ಕ್ಯಾನ್ ಮಾಡಿದ ದುಡ್ಡೆಲ್ಲ ಅವಳ ಖಾತೆಗೇ ಬೀಳುತ್ತದೆ, ‘ನನ್ನ ಹತ್ರಾನೇ ಇರ್ಲಿ, ಆಮೇಲೆ ಕೊಡ್ತೀನಿ’ ಎಂಬ ಭರವಸೆ ಮಕ್ಕಳಿಗೆ ಸಿಗುತ್ತದೆ. 145 ಕೊಟ್ಟು 110 ಪಡೆದ ಅವಳು 35 ರೂಪಾಯಿಗೆ ಮನೆಯಲ್ಲಿ ಒಂದಿಡೀ ಮಧ್ಯಾಹ್ನದ ನಿಶ್ಶಬ್ದವನ್ನು ಕೊಂಡಿದ್ದಾಳೆ. ಯಾವ ಸಮ್ಮರ್ ಕ್ಯಾಂಪೂ ಈ ದರಕ್ಕೆ ಮಕ್ಕಳನ್ನು ಹಿಡಿದಿಟ್ಟುಕೊಳ್ಳಲಾರದು. ಆದ್ದರಿಂದ ನಮ್ಮ ಪ್ರತಿಜ್ಞೆಗೆ ಸಣ್ಣ ತಿದ್ದುಪಡಿ ಅನಿವಾರ್ಯ: ದೊಡ್ಡವರ ವ್ಯಾಪಾರವನ್ನು ಮಕ್ಕಳು ಕಲಿಯುತ್ತಿರುವುದು ನಿಜ, ಆದರೆ ಅದನ್ನು ಮಾಡುತ್ತಿರುವವಳು ಅಮ್ಮ. ಶಾಸ್ತ್ರದ ವಿಧಿ ಇಷ್ಟೇ: ಬಿಲ್ಲನ್ನು ದಿನಾ ಬರೆದಿಡಬೇಕು, ತೋರಿಸಬಾರದು, ಶಾಲೆ ಶುರುವಾಗುವ ಹಿಂದಿನ ದಿನ ಕೊಟ್ಟರೆ ಸಾಕು.