23 ಕಿಲೋಮೀಟರಿನ ದೀರ್ಘಯಾನ

ಸಣ್ಣ ಯಂತ್ರದೋಣಿಯೊಂದರಲ್ಲಿ ಅಕ್ಕಿ, ಪಾತ್ರೆ, ಹಾಸಿಗೆಗಳನ್ನು ತುಂಬಿಕೊಂಡು, ದಿನಗಟ್ಟಲೆ ನೀರಿನ ಮೇಲೆಯೇ ಉಂಡು ಮಲಗಿ, ಯಾವ ಅವಸರವೂ ಇಲ್ಲದೆ ಊರಿಂದೂರಿಗೆ ಸಾಗುವುದನ್ನು ದೀರ್ಘ ನದೀಯಾನವೆಂದು ಕರೆಯುವುದು ವಾಡಿಕೆ. ಇದಕ್ಕೆ ಬೇಕಾದ ದೋಣಿ, ಯಂತ್ರ, ಹಾಸಿಗೆ ಎಲ್ಲವೂ ಕುಂದಾಪುರದ ಸೀಮೆಯಲ್ಲಿ ಧಾರಾಳವಾಗಿ ದೊರೆಯುತ್ತವೆ. ದೊರೆಯದಿರುವುದು ದೀರ್ಘವಾದ ನದಿಯೊಂದೇ. ಪಶ್ಚಿಮಘಟ್ಟಕ್ಕೂ ಅರಬ್ಬೀ ಸಮುದ್ರಕ್ಕೂ ಇಲ್ಲಿ ಎಷ್ಟು ಕಡಿಮೆ ಅಂತರವೆಂದರೆ, 1343 ಮೀಟರ್ ಎತ್ತರದ ಕೊಡಚಾದ್ರಿಯ ಆಸುಪಾಸಿನಲ್ಲಿ ಹುಟ್ಟಿದ ನೀರು ಬಂಡೆಗಳಿಂದ ಧುಮುಕಿ, ಸುಧಾರಿಸಿಕೊಂಡು, ಇನ್ನು ನದಿಯಂತೆ ಹರಿಯೋಣವೆಂದು ಮೈ ಹರಡುವಷ್ಟರಲ್ಲಿ ಸಮುದ್ರ ಬಂದುಬಿಟ್ಟಿರುತ್ತದೆ.

ಘಟ್ಟದ ಬದಿಗೆ ಸರಿದಿರುವ ಕೆರಾಡಿಯಂಥ ಊರಿನಲ್ಲಿ ಈ ಕೊರತೆ ಇನ್ನಷ್ಟು ತೀವ್ರವಾಗಿದೆ. ಆ ಊರಿನ ಪ್ರಸಿದ್ಧವಾದ ನೀರು ಮೂಡುಗಲ್ಲಿನ ಕೇಶವನಾಥೇಶ್ವರನ ಗುಹೆಯೊಳಗೆ ನಿಂತಿದ್ದು, ಭಕ್ತರು ಮೀನುಗಳ ನಡುವೆ ನೀರಿನಲ್ಲಿಯೇ ನಡೆದುಹೋಗಿ ದೇವರ ದರ್ಶನ ಪಡೆಯುತ್ತಾರೆ. ಜಲಯಾನವನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಪೂರೈಸುವ ವಿಧಾನ ಅಪರೂಪವೇ ಆದರೂ ಅದಕ್ಕೆ ಮೋಟಾರು ಜೋಡಿಸಲು ಬರುವುದಿಲ್ಲ. ದೂರ ಪ್ರಯಾಣದ ಯೋಗ ಈ ಕಡೆ ಯಾರಿಗಾದರೂ ಇದ್ದರೆ ಅದು ಚಕ್ರಾ ನದಿಯ ನೀರಿಗೆ. ವಂಡ್ಸೆಯ ಮೇಲೆ ಹಾದು ನೆಟ್ಟಗೆ ಗಂಗೊಳ್ಳಿಗೆ ಇಳಿಯಬೇಕಾಗಿದ್ದ ಆ ನೀರಿನ ಒಂದು ಪಾಲನ್ನು ಘಟ್ಟದ ಮೇಲೆಯೇ ಚಕ್ರಾ ಅಣೆಕಟ್ಟಿನಲ್ಲಿ ತಡೆದು, ಸಾವೆಹಕ್ಲು ಜಲಾಶಯದ ನೀರಿನೊಡನೆ ಲಿಂಗನಮಕ್ಕಿಗೆ ತಿರುಗಿಸಲಾಗುತ್ತದೆಯಾದ್ದರಿಂದ, ಅದು ಶರಾವತಿಯೆಂದು ಹೆಸರು ಬದಲಿಸಿಕೊಂಡು, ದಾರಿಯಲ್ಲಿ ವಿದ್ಯುತ್ತನ್ನೂ ಉತ್ಪಾದಿಸಿಕೊಟ್ಟು, ಸರ್ಕಾರಿ ಖರ್ಚಿನಲ್ಲಿಯೇ ಹೊನ್ನಾವರದ ಸಮುದ್ರವನ್ನು ಕಾಣುತ್ತದೆ.

ಮನುಷ್ಯರಿಗೆ ಉಳಿದದ್ದು ಪಂಚಗಂಗಾವಳಿ, ಅಂದರೆ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕುಂದಾಪುರ ಮತ್ತು ಗಂಗೊಳ್ಳಿಗಳ ನಡುವೆ ಕೂಡಿ ಸಮುದ್ರ ಸೇರುವ ಅಗಲವಾದ ಜಲಭಾಗ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿ, ಇದಕ್ಕೆ 76ನೆಯ ಸ್ಥಾನವನ್ನು ಕರುಣಿಸಿದೆ. ಪಟ್ಟಿಯ ಮೊದಲನೆಯದಾದ ಗಂಗೆಯ ಮಾರ್ಗ ಹಲ್ದಿಯಾದಿಂದ ಪ್ರಯಾಗರಾಜದವರೆಗೆ 1620 ಕಿಲೋಮೀಟರ್ ಇದ್ದರೆ, ಪಂಚಗಂಗಾವಳಿಯದು 23 ಕಿಲೋಮೀಟರ್. ಗಂಟೆಗೆ ಹತ್ತು ಕಿಲೋಮೀಟರ್ ವೇಗದ ದೋಣಿಗೆ ಇದು ಎರಡೂವರೆ ಗಂಟೆಯೊಳಗಿನ ಕೆಲಸವಾದ್ದರಿಂದ, ಬೆಳಗಿನ ತಿಂಡಿ ತಿಂದು ಹೊರಟವನು ಮಧ್ಯಾಹ್ನದ ಊಟಕ್ಕೆ ಮೊದಲೇ ರಾಷ್ಟ್ರೀಯ ಜಲಮಾರ್ಗವೊಂದನ್ನು ಆಮೂಲಾಗ್ರವಾಗಿ ಕ್ರಮಿಸಿ ಕೈತೊಳೆದುಕೊಳ್ಳಬಹುದು ಎಂದು ಲೆಕ್ಕ ಹೇಳುತ್ತದೆ.

ಆದರೆ ಲೆಕ್ಕಕ್ಕೆ ಯಂತ್ರದ ಸ್ವಭಾವ ತಿಳಿಯದು. ದೋಣಿಯ ಹಿಂಬದಿಗೆ ಸಿಕ್ಕಿಸುವ ಈ ಮೋಟಾರನ್ನು 1909ರ ಸುಮಾರಿಗೆ ಅಮೆರಿಕದಲ್ಲಿ ರೂಢಿಗೆ ತಂದವನು ಓಲೆ ಎವಿನ್‌ರೂಡ್. ಸರೋವರದ ಆಚೆಯಿಂದ ಐಸ್‌ಕ್ರೀಮ್ ತರಲು ಹುಟ್ಟುಹಾಕುತ್ತ ಹೋಗಿ ಬರುವಷ್ಟರಲ್ಲಿ ಅದು ಕರಗಿದ್ದೇ ಅವನಿಗೆ ಪ್ರೇರಣೆಯಾಯಿತೆಂಬ ಕತೆ ಪ್ರಚಲಿತವಾಗಿದೆ. ಈ ಕರಾವಳಿಯಲ್ಲಿ ಅಂಥ ಆತುರವಿಲ್ಲ. ನಾಡದೋಣಿ, ಎಂದರೆ ಸಾಂಪ್ರದಾಯಿಕ ಮೀನುಗಾರರ ಸಣ್ಣ ದೋಣಿ, ಬಹುಮಟ್ಟಿಗೆ ಓಡುವುದು ಸೀಮೆಎಣ್ಣೆಯಲ್ಲಿ. ಹೊರಡುವುದು ಮಾತ್ರ ಪೆಟ್ರೋಲಿನಲ್ಲಿ. ಮೊದಲು ಪೆಟ್ರೋಲು ಕುಡಿಸಿ, ಹಗ್ಗ ಎಳೆದು, ಯಂತ್ರ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಯಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರಬೇಕೆಂಬುದು ಶಾಸ್ತ್ರ. ಈ ಕೊನೆಯ ಉಪಚಾರವನ್ನು ಮರೆತವನಿಗೆ ಮರುದಿನ ಹಗ್ಗ ಎಳೆದೆಳೆದು ರಟ್ಟೆ ಬೀಳುತ್ತದೆ. ಆಗ ಪ್ಲಗ್ಗನ್ನು ಬಿಚ್ಚಿ, ಲುಂಗಿಯ ತುದಿಯಿಂದ ಒರೆಸಿ, ಬಿಸಿಲಿಗೆ ಹಿಡಿದು, ಬಾಯಿಂದ ಊದಿ, ಸ್ವಸ್ಥಾನಕ್ಕೆ ಸೇರಿಸುವ ವಿಧಿ ಆರಂಭವಾಗುತ್ತದೆ. ದೋಣಿಯಲ್ಲಿರುವ ಪ್ರತಿಯೊಬ್ಬನೂ ಒಮ್ಮೆ ಊದದೆ ಈ ವಿಧಿ ಸಂಪೂರ್ಣವಾಗುವುದಿಲ್ಲ.

ಯಂತ್ರ ಒಲಿದರೆ ನೀರು ಒಲಿಯಬೇಕು. ಅಳಿವೆ, ಅಂದರೆ ನದಿ ಕಡಲನ್ನು ಕೂಡುವ ಬಾಯಿ, ಭರತ ಇಳಿತಗಳ ಅಧೀನದಲ್ಲಿದ್ದು, ಆರು ಗಂಟೆ ಚಿಲ್ಲರೆ ಹೊತ್ತು ನೀರು ಏರಿದರೆ ಅಷ್ಟೇ ಹೊತ್ತು ಇಳಿಯುತ್ತದೆ. ಅದೂ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ, ನಿನ್ನೆಯ ಅನುಭವ ಇಂದಿಗೆ ಉಪಯೋಗಕ್ಕೆ ಬಾರದು. ಇಳಿತದಲ್ಲಿ ಹೊರಟ ದೋಣಿಯ ಚಕ್ರ ಹೊಯ್ಗೆಯನ್ನು, ಎಂದರೆ ಮರಳನ್ನು, ಉಳತೊಡಗುತ್ತದೆ. ಯಂತ್ರವನ್ನು ಮೇಲಕ್ಕೆ ಮಡಚಿದ ಪ್ರಯಾಣಿಕರು ಗಡಿಯಾರ ನೋಡುತ್ತಿದ್ದರೆ, ದೋಣಿಯವನು "ಹ್ವಾಯ್, ನೀರ್ ಏರ್ಲಿ, ಕೂಕಣಿ" ಎಂದು ಹೇಳಿ ಕವಳ ಹಾಕಿಕೊಳ್ಳುತ್ತಾನೆ. ಎರಡೂವರೆ ಗಂಟೆಯ ಪ್ರಯಾಣ ಎರಡು ದಿನಕ್ಕೆ ಹಿಗ್ಗುವ ಗುಟ್ಟು ಇಷ್ಟೇ ಆಗಿದ್ದು, ನದಿ ಕೊಡದ ದೈರ್ಘ್ಯವನ್ನು ಹೊಯ್ಗೆ ಕೊಡುತ್ತದೆ. ಒಂದು ಕಾಲಕ್ಕೆ ಇದೇ ವಾರಾಹಿಯ ದಡದ ಬಸ್ರೂರು ಅಕ್ಕಿಯ ರಫ್ತಿಗೆ ಹೆಸರಾದ ಬಂದರಾಗಿತ್ತು, 1665ರಲ್ಲಿ ಶಿವಾಜಿಯೂ ಕಡಲಮಾರ್ಗವಾಗಿ ಬಂದು ಅದನ್ನು ಲೂಟಿ ಮಾಡಿದ. ಲೂಟಿಗೆ ಬಂದವರೂ ಭರತ ನೋಡಿಯೇ ಒಳಬಂದಿರಬೇಕು.

ಕುದ್ರು, ಅಂದರೆ ನದೀದ್ವೀಪ, ಈ ಯಾನದ ಇನ್ನೊಂದು ಸಂಪನ್ಮೂಲ. ಯಕ್ಷಗಾನ ಗೊಂಬೆಯಾಟಕ್ಕೆ ಖ್ಯಾತವಾದ ಉಪ್ಪಿನಕುದ್ರುವಿನಂಥ ಊರನ್ನು ಪೂರ್ತಿ ಸುತ್ತುಹಾಕಿದರೆ, ಎಲ್ಲಿಗೂ ಹೋಗದೆ ಬಹಳ ದೂರ ಹೋದಂತಾಗುತ್ತದೆ. ಈ ತಂತ್ರವನ್ನು ಮೊದಲು ಬಳಸಿದ್ದು ಸೌಪರ್ಣಿಕೆಯೇ ಸರಿ: ಮರವಂತೆಯಲ್ಲಿ ಹೆದ್ದಾರಿಯ ಆಚೆ ಕಡಲು, ಈಚೆ ನದಿ ಎಂಬಷ್ಟು ಹತ್ತಿರ ಬಂದೂ, ಕೂಡಲು ಮನಸ್ಸಿಲ್ಲದೆ ಬೆನ್ನು ತಿರುಗಿಸಿ, ಮತ್ತೆ ಹತ್ತು ಕಿಲೋಮೀಟರಿನಷ್ಟು ಸುತ್ತಿಕೊಂಡು ಅದು ಗಂಗೊಳ್ಳಿಯನ್ನು ಮುಟ್ಟುತ್ತದೆ.

ಕೆರಾಡಿಯ ಯಾನಿಕನಿಗೆ ಮನೆಯವರೆಗೂ ನೀರಿನಲ್ಲಿಯೇ ಮರಳುವ ಹಂಬಲವಿರುವುದು ಸಹಜ. ಉಪ್ಪುನೀರು ಗದ್ದೆಗಳಿಗೆ ಏರದಂತೆ ನದಿಗೆ ಅಡ್ಡಲಾಗಿ ಕಟ್ಟಿ, ಮಳೆ ಕಳೆದ ಮೇಲೆ ಹಲಗೆ ಇಳಿಸುವ ಕಿಂಡಿ ಅಣೆಕಟ್ಟು ಎದುರಾದಲ್ಲಿ ಈ ಹಂಬಲ ಮುಗಿಯುತ್ತದೆ. ಅಲ್ಲಿಂದ ಮುಂದೆ ಹಾಸಿಗೆ, ಪಾತ್ರೆ, ಉಳಿದ ಅಕ್ಕಿ ಎಲ್ಲವೂ ವಂಡ್ಸೆ ಕಡೆಯ ಬಸ್ಸಿಗೆ ಏರುತ್ತವೆ. ಖಾಲಿ ಡಬ್ಬಿಯನ್ನು ಮೂಸಿ ನೋಡಿದ ಕಂಡಕ್ಟರು, ಸೀಮೆಎಣ್ಣೆ ವಾಸನೆಯ ಸಾಮಾನನ್ನು ಒಳಗೆ ಇಡಲು ಬಿಡುವುದಿಲ್ಲವೆಂದು ಹಟ ಹಿಡಿಯುತ್ತಾನೆ. ಅದನ್ನು ಬಸ್ಸಿನ ಹಿಂದಿನ ಏಣಿಗೆ, ಯಂತ್ರ ಎಳೆದ ಅದೇ ಹಗ್ಗದಿಂದ, ಬಿಗಿಯುವುದೆಂದು ತೀರ್ಮಾನವಾಗುತ್ತದೆ.