ನಕ್ಷತ್ರಿಕ

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಗಂಟೆ ಹೊತ್ತಿಗೆ ಒಂದು ಸುತ್ತು ಬಂದರೆ ಇವನು ಸಿಗುತ್ತಾನೆ. ಶೃಂಗೇರಿಯಲ್ಲೂ ಒಬ್ಬನಿದ್ದಾನೆ, ಎನ್.ಆರ್.ಪುರದಲ್ಲಂತೂ ಒಬ್ಬರಿಗೆ ಇಬ್ಬರು. ಅಡ್ಡ ಹಿಡಿದ ಮೊಬೈಲು, ಕಿವಿಯಲ್ಲಿ ಇಯರ್‌ಫೋನು, ಬಸ್ಸು ಬಂದರೂ ಹೋದರೂ ಏಳದ ತಲೆ. ಮನೆಯಲ್ಲಿ ಅಡಿಕೆ ತೋಟವಿದೆ, ಅದನ್ನು ಅಜ್ಜ ನೋಡಿಕೊಳ್ಳುತ್ತಾರೆ. ಊರು ಇಟ್ಟ ಹೆಸರು ನಕ್ಷತ್ರಿಕ.

ಪ್ಲೇ ಸ್ಟೋರಿನಲ್ಲಿ ಇವನು ಕೊಡುವುದು ಒಂದು ಸ್ಟಾರು, ಇಲ್ಲವೇ ಐದು. ನಡುವಿನ ಮೂರು ಮನೆ ಯಾಕಿವೆ ಎಂದು ಈವರೆಗೆ ವಿಚಾರಿಸಿಲ್ಲ. ಪುನರ್ವಸು ಮಳೆ ಹಿಡಿದು ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಸತ್ತು, ಆಟ ಸರಿಯಾಗಿ ಶತ್ರುವಿನೆದುರು ಹೋಗಿ ನಿಂತುಬಿಡುತ್ತದೆ. ಗುಂಡು ಬೀಳುತ್ತದೆ. ಕೊಡೆ ಹಿಡಿದು ಗುಡ್ಡ ಹತ್ತಿ, ಎರಡು ಕಡ್ಡಿ ಸಿಗ್ನಲ್ ಹುಡುಕಿ, ಆಟ ಮಾಡಿದ ಕಂಪನಿಗೆ ಒಂದು ಸ್ಟಾರು ಒತ್ತಿ ಇಳಿಯುತ್ತಾನೆ.

ಒಬ್ಬನೇ ಒತ್ತಿದರೆ ಯಾರು ಕೇಳುತ್ತಾರೆ? ಅದಕ್ಕೇ ಮೂರೂ ತಾಲ್ಲೂಕಿನ ವಾಟ್ಸಾಪ್ ಗ್ರೂಪಿದೆ. ಅಲ್ಲಿ ಸುಗ್ರೀವಾಜ್ಞೆ ಹೊರಡುತ್ತದೆ: ‘ರಾತ್ರಿ ಒಂಬತ್ತಕ್ಕೆ ಎಲ್ರೂ ಒಟ್ಟಿಗೆ ಹೊಡೀರಿ. ಕಾಪಿ ಪೇಸ್ಟ್ ಮಾಡ್ಬೇಡಿ ಮಾರಾಯ್ರೆ, ಗೂಗಲ್‌ನವ್ರು ಹಿಡೀತಾರೆ. ಒಬ್ಬ ಲ್ಯಾಗ್ ಅನ್ನಿ, ಒಬ್ಬ ಹ್ಯಾಂಗ್ ಅನ್ನಿ, ಇನ್ನೊಬ್ಬ ಫೋನ್ ಬಿಸಿಯಾಗ್ತದೆ ಅನ್ನಿ.’ ತಲೆಗೆ ಮೂರು ಜಿಮೇಲು ಕಡ್ಡಾಯ. ಸಾಲದೆ ಬಂದರೆ ಅಮ್ಮನದು, ಬೆಂಗಳೂರಿನ ಅಕ್ಕನದು, ಕೊನೆಗೆ ಅಜ್ಜನದು.

ಇವನ ಪರಾಕ್ರಮದ ಪುರಾಣ ಕೇಳಬೇಕು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿ ನಿಷೇಧಿಸಿತು. ಎರಡೇ ದಿನಕ್ಕೆ ಅಕ್ಷಯ್ ಕುಮಾರ್ ‘ಫೌಜಿ’ ಎಂಬ ಸ್ವದೇಶಿ ಆಟ ಘೋಷಿಸಿದರು. 2021ರ ಜನವರಿ 26ಕ್ಕೆ ಅದು ಬಂತು. ಬೆಳಿಗ್ಗೆ, ಆಟ ಡೌನ್‌ಲೋಡ್ ಆಗಿದ್ದೇ ತಡ, ತೆರೆದೂ ನೋಡದೆ, ನಮ್ಮವನ ದೇಶಭಕ್ತಿ ಉಕ್ಕಿ ಐದು ಸ್ಟಾರು. ಸಂಜೆ ತೆರೆದು ನೋಡಿದರೆ ಪಬ್‌ಜಿಯ ನೂರು ಜನರ ಕಾಳಗವೂ ಇಲ್ಲ, ಬಂದೂಕೂ ಇಲ್ಲ, ಗಾಲ್ವಾನ್ ಕಣಿವೆಯಲ್ಲಿ ಮುಷ್ಟಿಯುದ್ಧ! ‘ಮೆಟ್ಟುಗತ್ತಿನಾದ್ರೂ ಕೊಡ್ಬಾರ್ದಿತ್ತ?’ ಎಂದು ಒಂದಕ್ಕಿಳಿಸಿದ. ದೇಶದ ತುಂಬ ಪಬ್‌ಜಿ ಭಕ್ತರು ಇದನ್ನೇ ಮಾಡಿದ್ದರಿಂದ 4.7 ಇದ್ದ ರೇಟಿಂಗ್ ಕೆಲವೇ ದಿನಗಳಲ್ಲಿ 3ರ ಆಸುಪಾಸಿಗೆ ಬಂದು ಕೂತಿತು. ಆಟ ಮಾಡಿದ ಎನ್‌ಕೋರ್ ಕಂಪನಿ ಬೆಂಗಳೂರಿನದೇ ಎಂದು ತಿಳಿದಾಗ, ಕನ್ನಡಾಭಿಮಾನಿಯೂ ಆದ ಈತ ಎರಡು ನಿಮಿಷ ಯೋಚಿಸಿದ. ಆಮೇಲೆ ಚಹಾ ಹೇಳಿದ.

ಗುರಿ ತಪ್ಪುವುದರಲ್ಲಿ ಈ ಜಾತಿಯವರಿಗೆ ಹಿರಿಯರ ಪರಂಪರೆಯೇ ಇದೆ. 2017ರಲ್ಲಿ ಸ್ನ್ಯಾಪ್‌ಚಾಟಿನ ಒಡೆಯ ಭಾರತವನ್ನು ಬಡದೇಶ ಅಂದನಂತೆ ಎಂಬ ಸುದ್ದಿಗೆ ಕೆರಳಿ ನುಗ್ಗಿದವರಲ್ಲಿ ಎಷ್ಟೋ ಜನ, ಏನೂ ಅರಿಯದ ನಮ್ಮದೇ ಸ್ನ್ಯಾಪ್‌ಡೀಲಿಗೆ ಒಂದೊಂದು ಸ್ಟಾರು ಬಾರಿಸಿ ಬಂದಿದ್ದರು.

2024ರ ಮೇ ತಿಂಗಳ ವಿಜಯವನ್ನಂತೂ ತಾನೇ ಗೆದ್ದಂತೆ ಹೇಳುತ್ತಾನೆ. ‘ಹೆಲ್‌ಡೈವರ್ಸ್ 2’ ಆಟವನ್ನು ಕಂಪ್ಯೂಟರಿನಲ್ಲಿ ಆಡುವವರೂ ತನ್ನ ಖಾತೆ ತೆರೆಯಲೇಬೇಕೆಂದು ಸೋನಿ ಹಟ ಹಿಡಿಯಿತು. ಕಂಪ್ಯೂಟರ್ ಆಟಗಳ ಅಂಗಡಿಯಾದ ಸ್ಟೀಮ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬೈಗುಳ ಬಿದ್ದು, ಕೆಲವೇ ದಿನಗಳಲ್ಲಿ ಸೋನಿ ಹಿಂದೆ ಸರಿಯಿತು. ಅದರಲ್ಲಿ ಕೊಪ್ಪದ ಪಾಲು ಸೊನ್ನೆ. ಸ್ಟೀಮ್‌ನಲ್ಲಿ ಆಟ ತೆಗೆದುಕೊಳ್ಳದೆ ವಿಮರ್ಶೆ ಬರೆಯಲು ಬಿಡುವುದಿಲ್ಲ. ದುಡ್ಡು ಕೊಟ್ಟು ಬೈಯುವ ಕ್ರಮ ನಮ್ಮವನಿಗೆ ಒಗ್ಗುವುದಿಲ್ಲ.

ಹಾಗಂತ ಇವನ ಸಿಟ್ಟೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಎಲೆಚುಕ್ಕಿ ರೋಗಕ್ಕೆ, ತೋಟಕ್ಕೆ ಬರುವ ಆನೆಗೆ, ಫೋನೆತ್ತದ ಲೈನ್‌ಮನ್‌ಗೆ ಸ್ಟಾರು ಕೊಡುವ ಜಾಗವನ್ನು ಯಾರೂ ಮಾಡಿಟ್ಟಿಲ್ಲ. ಒತ್ತಿದರೆ ಜಪಾನಿನ ಕಂಪನಿ ಬಗ್ಗುತ್ತದೆ ಎಂದಾದರೆ ಒತ್ತದೆ ಇರುವುದು ಹೇಗೆ?

ಆದರೆ ಕಳೆದ ಮಳೆಗಾಲದ ದಾಳಿ ಮಾತ್ರ ಎಡವಟ್ಟಾಯಿತು. ಅಜ್ಜನ ಖಾತೆಯಿಂದ ‘ಗನ್ ರೀಲೋಡ್ ತುಂಬಾ ನಿಧಾನ, ನನ್ನ ರ‍್ಯಾಂಕ್ ಹಾಳಾಯ್ತು’ ಎಂದು ಬರೆದಿದ್ದ. ಕಂಪನಿಯ ಯಂತ್ರ ಎಲ್ಲರಿಗೂ ಕಳಿಸುವ ಉತ್ತರವನ್ನೇ ಕಳಿಸಿತು: ‘ಪ್ರಿಯರೇ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಸಮಸ್ಯೆಯನ್ನು ವಿವರವಾಗಿ ತಿಳಿಸಿ.’ ಅದು ನೇರ ಅಜ್ಜನ ಫೋನಿಗೇ ಬಂತು. ಎಂಬತ್ತು ದಾಟಿದ ಅಜ್ಜ ಜನ್ಮದಲ್ಲಿ ಹಾಕಿದ ಅರ್ಜಿಗಳಿಗೆ ಲೆಕ್ಕವಿಲ್ಲ, ಹೀಗೆ ವಿಷಾದಿಸಿದವರು ಇವರೇ ಮೊದಲು. ಜಗಲಿಯಲ್ಲಿ ಎಲೆಯಡಿಕೆ ತಟ್ಟೆ ಎಳೆದುಕೊಂಡು ಮೊಮ್ಮಗನನ್ನು ಕರೆದರು.

‘ಬರಿ ಮಾರಾಯ. ಕೋವಿ ತುಂಬೋದು ನಿಧಾನ ಅಂದದ್ದು ಸರಿಯೇ, ನಮ್ದು ಕೇಪಿನ ಕೋವಿ. ಅಷ್ಟೊತ್ತಿಗೆ ಮಂಗ ತೋಟ ಖಾಲಿ ಮಾಡಿರ್ತವೆ. ಲೈಸೆನ್ಸಿನ ವಿಷ್ಯನೂ ಒಂಚೂರು ಸೇರ್ಸು. ಮತ್ತೆ ಅದೆಂತದು ನಕ್ಷತ್ರ, ಐದೂ ಹಾಕು. ಪಾಪ, ಉತ್ರ ಬರ್ದಿದಾರೆ.’

ಅಜ್ಜನ ಮಾತು ಮೀರುವ ಹಾಗಿಲ್ಲ, ತೋಟ ಇನ್ನೂ ಅವರ ಹೆಸರಿನಲ್ಲೇ ಇದೆ. ಐದೂ ಬಿತ್ತು. ಆ ರಾತ್ರಿಯಿಂದ ಗ್ರೂಪಿನಲ್ಲಿ ದ್ರೋಹಿ ಯಾರೆಂಬ ವಿಚಾರಣೆ ನಡೆದಿದೆ. ಸಂಶಯವೆಲ್ಲ ಎನ್.ಆರ್.ಪುರದವರ ಮೇಲೆ. ವಿಚಾರಣೆಯ ಮುಂದಾಳು ನಕ್ಷತ್ರಿಕನೇ.